ಮಾಯಾ ಶಿಲ್ಪಗಳ ಫೋಟೋ ತೆಗೆಯೋಕೆ ಏನು ಒಯ್ಯಬೇಕು: ಫೋನು ಸಾಕಾ, ಕ್ಯಾಮೆರಾ ಬೇಕಾ, ಯಾವ ಲೆನ್ಸ್?

ಮೆಕ್ಸಿಕೊಗೋ ಲಂಡನ್ನಿಗೋ ಹೊರಟ ಗೆಳೆಯರು, ಅದರಲ್ಲೂ ಅಲ್ಲಿನ ಮ್ಯೂಸಿಯಂಗಳಲ್ಲಿ ಮಾಯಾ ಜನರ (ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್ ಕಡೆಯ ಪ್ರಾಚೀನ ನಾಗರಿಕತೆಯವರು) ಶಿಲ್ಪಗಳನ್ನು ಕಣ್ತುಂಬ ನೋಡಬೇಕು ಅಂತ ಆಸೆ ಇಟ್ಟುಕೊಂಡವರು, ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನ್ ಒಂದೇ ಸಾಕಾ? ಮನೆಯಲ್ಲಿರುವ ಕ್ಯಾಮೆರಾ ಹೊತ್ತುಕೊಂಡು ಹೋಗಲಾ? ಹೊಸದಾಗಿ ಒಂದು ಲೆನ್ಸ್ ಕೊಳ್ಳುವುದಾದರೆ ಯಾವುದು? ಟ್ರೈಪಾಡ್ ಒಳಗೆ ಬಿಡುತ್ತಾರಾ?

ಇದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ಅರ್ಧ ಜನಕ್ಕೆ ಅದು ತಪ್ಪು ಉತ್ತರ ಆಗುತ್ತದೆ. ಮಾಯಾ ವಸ್ತುಗಳು ಅಂದರೆ ಒಂದೇ ಜಾತಿಯವಲ್ಲ. ಆಳೆತ್ತರ ಮೀರಿದ ನಿಲುಗಲ್ಲುಗಳಿವೆ, ನಮ್ಮ ವೀರಗಲ್ಲು, ಮಾಸ್ತಿಕಲ್ಲುಗಳಂತೆ ನೆಟ್ಟು ನಿಲ್ಲಿಸಿದ್ದವು. ಅಂಗೈ ಮೇಲೆ ಕೂರುವ ಮಣ್ಣಿನ ಗೊಂಬೆಗಳಿವೆ. ಗಾರೆಯಲ್ಲಿ ಮಾಡಿದ ತಲೆಗಳು, ಹಸಿರು ಜೇಡ್ ಕಲ್ಲಿನ ಮುಖವಾಡಗಳು, ಸುತ್ತಲೂ ಚಿತ್ರ ಬರೆದ ಹೂಜಿ ಲೋಟಗಳು, ಎಲ್ಲ ಇವೆ. ನೀವು ಯಾವುದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೀರಿ ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಯಾವುದನ್ನು ನೋಡಿ ಅಳೆಯಬೇಕು

ನಾನು ನೋಡುವ ಮೊದಲ ವಿಷಯ ನೆರಳು. ಹೌದು, ಬೆಳಕಿಗಿಂತ ಮೊದಲು ನೆರಳು. ಮಾಯಾ ಕಲ್ಲಿನ ಕೆಲಸದಲ್ಲಿ ಬಹುಪಾಲು ತೆಳುವಾದ ಉಬ್ಬುಶಿಲ್ಪ. ಬಟ್ಟೆಯ ನೇಯ್ಗೆ, ಗರಿಯ ಎಳೆ, ಅಕ್ಷರದೊಳಗಿನ ಸಣ್ಣ ಗೀರು, ಇವೆಲ್ಲ ಕೆಲವೇ ಮಿಲಿಮೀಟರ್ ಆಳದ ಕೆತ್ತನೆ. ಅದು ಕಣ್ಣಿಗೆ ಕಾಣುವುದು ಬಣ್ಣದಿಂದ ಅಲ್ಲ, ಅಂಚಿನಲ್ಲಿ ಬೀಳುವ ಕೂದಲೆಳೆಯಷ್ಟು ನೆರಳಿನಿಂದ. ಸವೆದ ಶಾಸನ ಓದುವವರು ನಮ್ಮಲ್ಲಿ ಸಂಜೆ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿಯುತ್ತಾರಲ್ಲ, ಅದೇ ಲೆಕ್ಕ ಇಲ್ಲಿಯೂ. ಮಾಯಾ ಬರಹಗಳನ್ನೆಲ್ಲ ಚಿತ್ರ ಸಮೇತ ದಾಖಲಿಸುವ ದೊಡ್ಡ ಕೆಲಸ 1968ರಲ್ಲಿ ಹಾರ್ವರ್ಡ್‌ನ ಪೀಬಡಿ ಮ್ಯೂಸಿಯಂನಲ್ಲಿ ಶುರುವಾಯಿತು. ಅದನ್ನು ಬಹುಕಾಲ ನಡೆಸಿದ ಇಯಾನ್ ಗ್ರಹಾಂ ಕಾಡಿನಲ್ಲಿ ರಾತ್ರಿ ಹೊತ್ತು ಓರೆ ಬೆಳಕು ಹಾಯಿಸಿ ಕಲ್ಲುಗಳ ಫೋಟೋ ತೆಗೆಯುತ್ತಿದ್ದರು. ಹಾಗಾಗಿ ನೀವು ಆರಿಸುವ ಸಾಧನ ಆ ನೆರಳನ್ನು ಉಳಿಸುತ್ತದಾ ಅಳಿಸುತ್ತದಾ ಅನ್ನುವುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಮ್ಯೂಸಿಯಂನ ನಿಯಮ ಮತ್ತು ಮಂದ ಬೆಳಕು. ಫ್ಲ್ಯಾಶ್ ಬೇಡ ಅನ್ನುವುದು ಹೆಚ್ಚುಕಡಿಮೆ ಎಲ್ಲ ಕಡೆ ಇದೆ, ಅದರಿಂದ ನಮಗೆ ನಷ್ಟವೂ ಇಲ್ಲ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಮುಂದಿನಿಂದ ಬಡಿಯುತ್ತದೆ, ಇದ್ದಬದ್ದ ನೆರಳನ್ನೆಲ್ಲ ತಿಂದು ಕಲ್ಲನ್ನು ಗೋಡೆಯಂತೆ ಚಪ್ಪಟೆ ಮಾಡುತ್ತದೆ. ಟ್ರೈಪಾಡ್‌ಗೆ ಬಹುಪಾಲು ಕಡೆ ಮುಂಚಿತ ಪರವಾನಗಿ ಬೇಕು. ಅಂದರೆ ಕೈಯಲ್ಲೇ ಹಿಡಿದು, ಕಡಿಮೆ ಬೆಳಕಿನಲ್ಲಿ, ಅಲುಗದ ಹಾಗೆ ತೆಗೆಯಬೇಕು.

ಆಮೇಲೆ ಗಾಜು. ದೊಡ್ಡ ಕಲ್ಲುಗಳು ಸಾಮಾನ್ಯವಾಗಿ ಗಾಜಿಲ್ಲದೆ ಹಾಗೇ ನಿಂತಿರುತ್ತವೆ, ಆದರೆ ಗೊಂಬೆ, ಜೇಡ್, ಮಡಕೆ ಎಲ್ಲ ಗಾಜಿನೊಳಗೆ. ಗಾಜಿನ ಮುಂದೆ ಕೆಲಸ ಮಾಡುವ ರೀತಿಯೇ ಬೇರೆ.

ಕೊನೆಗೆ ಫೋಟೋ ಯಾಕೆ ಅನ್ನುವುದು. ನೆನಪಿಗಾ, ಗೋಡೆಗೆ ಹಾಕೋಕಾ, ಅಕ್ಷರ ಓದಿ ಕಲಿಯೋಕಾ? ಮತ್ತೆ ಜೇಬು, ಭುಜ ಎರಡೂ. ಮೆಕ್ಸಿಕೊ ಸಿಟಿಯ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ 1964ರಲ್ಲಿ ತೆರೆದ ಬೃಹತ್ ಕಟ್ಟಡ. ಮಾಯಾ ವಿಭಾಗ ತಲುಪುವ ಹೊತ್ತಿಗೆ ಎರಡು ಮೂರು ಗಂಟೆ ನಡೆದಿರುತ್ತೀರಿ. ಎರಡು ಕೆ.ಜಿ. ತೂಕ ಕುತ್ತಿಗೆಯಲ್ಲಿ ನೇತಾಡುತ್ತಿದ್ದರೆ ಕೊನೆಯ ಕೋಣೆಯಲ್ಲಿ ಕ್ಯಾಮೆರಾ ಎತ್ತೋಕೇ ಮನಸ್ಸು ಬರುವುದಿಲ್ಲ.

ಫೋನ್

ಮೊದಲು ಫೋನಿನ ಮಾತು, ಯಾಕೆಂದರೆ ಅದು ಎಲ್ಲರ ಕೈಯಲ್ಲೂ ಇದೆ, ಹೆಚ್ಚು ಖರ್ಚೂ ಇಲ್ಲ. ಅದರ ಬಗ್ಗೆ ಕೇವಲವಾಗಿ ಮಾತಾಡುವವರ ಜೊತೆ ನಾನು ಸೇರುವುದಿಲ್ಲ. ಒಂದು ವಿಷಯದಲ್ಲಂತೂ ಫೋನು ದೊಡ್ಡ ಕ್ಯಾಮೆರಾವನ್ನೇ ಮೀರಿಸುತ್ತದೆ. ಅದರ ಸೆನ್ಸರ್ ಚಿಕ್ಕದು, ಆದ್ದರಿಂದ ಹತ್ತಿರದ ವಸ್ತುವೂ ಮೂಗಿನ ತುದಿಯಿಂದ ಕಿವಿಯವರೆಗೆ ಪೂರ್ತಿ ಫೋಕಸ್‌ನಲ್ಲಿ ಇರುತ್ತದೆ. ಮೆಕ್ಸಿಕೊದ ಕಾಂಪೆಚೆ ಕಡಲ ತೀರದ ಹಾಯ್ನಾ ದ್ವೀಪದ ಸಮಾಧಿಗಳಲ್ಲಿ ಸಿಕ್ಕ ಮಣ್ಣಿನ ಗೊಂಬೆಗಳನ್ನು ತೆಗೆದುಕೊಳ್ಳಿ. ಹೆಚ್ಚಿನವು ಒಂದು ಗೇಣಿಗಿಂತ ಕಡಿಮೆ ಎತ್ತರ. ಅರ್ಧ ಮೀಟರ್ ದೂರದಿಂದ ಫೋನಿನಲ್ಲಿ ತೆಗೆದರೆ ಇಡೀ ಗೊಂಬೆ ಸ್ಪಷ್ಟ. ಅದೇ ದೂರದಲ್ಲಿ ದೊಡ್ಡ ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದರೆ ಕಣ್ಣು ಸ್ಪಷ್ಟವಾಗಿ ಬಂದು ಕಿವಿಯೋಲೆ ಮಸುಕಾಗುತ್ತದೆ.

ತೊಂದರೆ ಇರುವುದು ಉಬ್ಬುಶಿಲ್ಪದಲ್ಲಿ. ಈಗಿನ ಫೋನುಗಳು ಒಂದು ಒತ್ತಿಗೆ ಹಲವು ಫೋಟೋ ತೆಗೆದು, ಕತ್ತಲಾದ ಭಾಗವನ್ನು ಬೆಳಗಿಸಿ, ಬೆಳಕಾದ ಭಾಗವನ್ನು ತಗ್ಗಿಸಿ, ಎಲ್ಲವನ್ನೂ ಸೇರಿಸಿ ಒಂದು ಚಿತ್ರ ಮಾಡುತ್ತವೆ. ಮನುಷ್ಯರ ಮುಖಕ್ಕೆ, ಊರಿನ ನೋಟಕ್ಕೆ ಅದು ಚೆನ್ನಾಗಿದೆ. ಕೆತ್ತನೆಗೆ ಅದೇ ಶತ್ರು. ನಮಗೆ ಬೇಕಾದ ನೆರಳನ್ನೇ ಅದು ದೋಷ ಅಂತ ತಿಳಿದು ತುಂಬಿಸಿಬಿಡುತ್ತದೆ. ಸಾಲದ್ದಕ್ಕೆ ಒರಟು ಕಲ್ಲನ್ನು ನುಣುಪಾಗಿಸುತ್ತದೆ.

ಇದು ನನಗೆ ಅರ್ಥವಾಗಿದ್ದು ಬ್ರಿಟಿಷ್ ಮ್ಯೂಸಿಯಂನ 27ನೇ ಕೋಣೆಯಲ್ಲಿ. ಮೆಕ್ಸಿಕೊದ ಹಳೆಯ ಮಾಯಾ ಊರು ಯಾಶ್ಚಿಲಾನ್‌ನ 23ನೇ ಕಟ್ಟಡದ ಲಿಂಟಲ್‌ಗಳು, ಅಂದರೆ ಬಾಗಿಲ ಮೇಲಿನ ಅಡ್ಡಗಲ್ಲುಗಳು, ಅಲ್ಲಿವೆ, 24 ಮತ್ತು 25ನೇ ಸಂಖ್ಯೆಯವು. 1880ರ ದಶಕದಲ್ಲಿ ಇಂಗ್ಲೆಂಡಿನ ಅನ್ವೇಷಕ ಆಲ್ಫ್ರೆಡ್ ಮಾಡ್‌ಸ್ಲೇ ಅಲ್ಲಿಂದ ತರಿಸಿದ್ದು. 24ನೇ ಲಿಂಟಲ್ ಒಂದು ಮೀಟರಿಗಿಂತ ಸ್ವಲ್ಪ ಎತ್ತರದ ಸುಣ್ಣದ ಕಲ್ಲು. ಎಡಗಡೆ ದೊರೆ ನಿಂತಿದ್ದಾನೆ, ಉದ್ದನೆಯ ಪಂಜು ಹಿಡಿದಿದ್ದಾನೆ. ಬಲಗಡೆ ಅವನ ಹೆಂಡತಿ ಕಬಾಲ್ ಶೋಕ್ ಮಂಡಿಯೂರಿ, ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಿಗೆಯೊಳಗಿಂದ ಎಳೆಯುತ್ತಿದ್ದಾಳೆ. ಹಗ್ಗ ಕೆಳಗಿನ ಬುಟ್ಟಿಗೆ ಇಳಿಯುತ್ತದೆ. ಕ್ರಿ.ಶ. 709ರ ವ್ರತದ ಚಿತ್ರ ಇದು. ಮೊದಲ ದಿನ ಫೋನಿನಲ್ಲಿ ಹತ್ತಾರು ಫೋಟೋ ತೆಗೆದೆ. ರಾತ್ರಿ ರೂಮಿನಲ್ಲಿ ದೊಡ್ಡದು ಮಾಡಿ ನೋಡಿದರೆ ಹಗ್ಗ ಇದೆ, ಮುಳ್ಳು ಕರಗಿಹೋಗಿದೆ. ಅವಳ ಕೆನ್ನೆಯ ಮೇಲೆ ರಕ್ತವನ್ನು ಸೂಚಿಸುವ ಚುಕ್ಕಿಗಳ ಸಾಲು ಇದೆ, ಅದು ಕಲ್ಲಿನ ಮೇಲಿನ ಕೊಳೆಯಂತೆ ಕಾಣುತ್ತಿತ್ತು. ಸೀರೆಯ ಅಂಚಿನಂತೆ ಅಷ್ಟು ನಾಜೂಕಾಗಿ ಬಿಡಿಸಿದ ಅವಳ ಬಟ್ಟೆಯ ನೇಯ್ಗೆ ಬರೀ ಬೂದು ಬಣ್ಣದ ಪಟ್ಟಿ.

ಮರುದಿನ ಮತ್ತೆ ಹೋದೆ, ಅಲ್ಲಿ ಪ್ರವೇಶಕ್ಕೆ ದುಡ್ಡಿಲ್ಲ. ಫೋನಿನಲ್ಲೇ ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ) ಹಾಕಿ, ಎಚ್‌ಡಿಆರ್, ಅಂದರೆ ಆ ಹಲವು ಫೋಟೋ ಸೇರಿಸುವ ಕೆಲಸ, ಬಂದ್ ಮಾಡಿ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ಚಿತ್ರ ಕಪ್ಪಾಗಿಸಿ, ಫೋನು ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆದೆ. ಮುಳ್ಳು ಬಂತು. ಪೂರ್ತಿ ತೃಪ್ತಿ ಆಗಲಿಲ್ಲ, ಕಾಳುಕಾಳಾಗಿತ್ತು, ಆದರೆ ಕೆತ್ತನೆ ಓದುವಂತಿತ್ತು.

ಹಾಗಾಗಿ ಫೋನ್ ಒಯ್ಯುವವರಿಗೆ ನನ್ನ ಮಾತು ಇಷ್ಟೇ. ಹೊರಡುವ ಮುಂಚೆ ಮನೆಯಲ್ಲೇ ಪ್ರೊ ಮೋಡ್ ಅಭ್ಯಾಸ ಮಾಡಿ. ದೇವರ ಕೋಣೆಯ ದೀಪದ ಪಕ್ಕ ಒಂದು ನಾಣ್ಯವನ್ನೋ ಕೆತ್ತನೆಯ ಮರದ ಪೆಟ್ಟಿಗೆಯನ್ನೋ ಇಟ್ಟು ತೆಗೆದು ನೋಡಿ. ಇನ್ನೊಂದು, ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋಗಿ ತೆಗೆದರೆ ಗೊಂಬೆಯ ಮೂಗು ಊದಿಕೊಳ್ಳುತ್ತದೆ, ಲಿಂಟಲ್‌ನ ಅಂಚು ವಾಲುತ್ತದೆ. ಎರಡು ಹೆಜ್ಜೆ ಹಿಂದೆ ಬಂದು ಎರಡರ ಜೂಮ್ ಹಾಕಿ. ಮೂರು, ಐದರ ಜೂಮ್ ಒತ್ತಿದರೆ ಮಂದ ಬೆಳಕಿನಲ್ಲಿ ಹಲವು ಫೋನುಗಳು ಜೂಮ್‌ಗೆಂದೇ ಇರುವ ಲೆನ್ಸ್ ಬಳಸದೆ ಮುಖ್ಯ ಲೆನ್ಸ್‌ನ ಚಿತ್ರವನ್ನೇ ಕತ್ತರಿಸಿ ಕೊಡುತ್ತವೆ, ಅದು ನಂಬುವಂಥದ್ದಲ್ಲ.

ಮನೆಯಲ್ಲಿರುವ ಕ್ಯಾಮೆರಾ, ಜೊತೆಗೆ ಬಂದ ಲೆನ್ಸ್

ಐದಾರು ವರ್ಷ ಹಳೆಯ ಕ್ಯಾಮೆರಾ, 18-55 ಮಿ.ಮೀ. ಜೂಮ್ ಲೆನ್ಸ್, ಬೀರುವಿನಲ್ಲಿ ಕೂತಿದೆ. ಅದನ್ನು ಒಯ್ಯಬಹುದಾ? ಒಯ್ಯಬಹುದು. ದೊಡ್ಡ ನಿಲುಗಲ್ಲಿಗೆ ಅದರ ಅಗಲ ತುದಿ ಚೆನ್ನಾಗಿ ಒದಗುತ್ತದೆ. ಆದರೆ ಜೂಮ್ ಮಾಡಿದ ತುದಿಯಲ್ಲಿ ಅದರ ಅಪರ್ಚರ್ ಎಫ್ 5.6 (ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಎಫ್ 1.8 ಲೆನ್ಸ್ ಒಳಗೆ ಬಿಡುವ ಬೆಳಕಿನ ಹತ್ತನೇ ಒಂದು ಭಾಗ ಮಾತ್ರ ಇದರಲ್ಲಿ ಬರುತ್ತದೆ. ಅಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 640ರಲ್ಲಿ ಆಗುವ ಕೆಲಸಕ್ಕೆ ಇಲ್ಲಿ 6400 ಬೇಕು. ಹಳೆಯ ಸೆನ್ಸರ್‌ನಲ್ಲಿ 6400 ಅಂದರೆ ಕಲ್ಲಿನ ಕಾಳು ಯಾವುದು, ಚಿತ್ರದ ಕಾಳು ಯಾವುದು ಗೊತ್ತಾಗುವುದಿಲ್ಲ. ಲೆನ್ಸ್‌ನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಸ್ವಲ್ಪ ಉಸಿರಾಡಬಹುದು. ಕಲ್ಲು ಓಡಿಹೋಗುವುದಿಲ್ಲವಲ್ಲ, ಹದಿನೈದನೇ ಒಂದು ಸೆಕೆಂಡಿನಲ್ಲೂ ಕೈ ಗಟ್ಟಿ ಇದ್ದರೆ ಸ್ಪಷ್ಟ ಚಿತ್ರ ಸಿಗುತ್ತದೆ. ಒಂದರ ಬದಲು ಐದು ಸಲ ಒತ್ತಿ, ಒಂದಾದರೂ ಅಲುಗದೆ ಬಂದಿರುತ್ತದೆ.

ಹೊಸದಾಗಿ ಖರ್ಚು ಮಾಡಲು ಮನಸ್ಸಿಲ್ಲ, ದೊಡ್ಡ ಕಲ್ಲುಗಳೇ ನನಗೆ ಮುಖ್ಯ ಅನ್ನುವವರಿಗೆ ಇದು ಸಾಕು. ಗೊಂಬೆ, ಜೇಡ್ ಅನ್ನುವವರಿಗೆ ಇದಕ್ಕಿಂತ ಒಂದು ಒಳ್ಳೆಯ ಫೋನೇ ಮೇಲು ಅಂತ ನನಗೆ ಅನಿಸುತ್ತದೆ.

ಚಿಕ್ಕ ಕ್ಯಾಮೆರಾ, ಒಂದೇ ಪ್ರೈಮ್ ಲೆನ್ಸ್

ನನ್ನ ಆಯ್ಕೆ ಇದು, ಮುಚ್ಚಿಟ್ಟು ಪ್ರಯೋಜನ ಇಲ್ಲ. ಎಪಿಎಸ್-ಸಿ ಅನ್ನುವ ಮಧ್ಯಮ ಗಾತ್ರದ ಸೆನ್ಸರ್ ಇರುವ ಹಗುರ ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೆ ಎಫ್ 1.8 ಅಥವಾ ಎಫ್ 2ರ 35 ಮಿ.ಮೀ. ಪ್ರೈಮ್ ಲೆನ್ಸ್, ಅಂದರೆ ಜೂಮ್ ಇಲ್ಲದ್ದು. ಅದಕ್ಕಿಂತ ದೊಡ್ಡ ಫುಲ್ ಫ್ರೇಮ್ ಸೆನ್ಸರ್ ಇದ್ದರೆ 50 ಮಿ.ಮೀ. ಹಳೆಯ ಡಿಎಸ್‌ಎಲ್‌ಆರ್ ಇದ್ದವರು ಹೊಸ ಕ್ಯಾಮೆರಾ ಕೊಳ್ಳಬೇಕಾಗಿಲ್ಲ, 50 ಎಫ್ 1.8 ಲೆನ್ಸ್ ಒಂದನ್ನು ಹೊಸದಾಗಿ ಕೊಂಡರೂ ಹತ್ತು ಹದಿನೈದು ಸಾವಿರ ರೂಪಾಯಿಯ ಆಸುಪಾಸು, ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಕಡಿಮೆ. ಈ ಹಣಕ್ಕೆ ಇಷ್ಟು ಬದಲಾವಣೆ ಕೊಡುವ ಇನ್ನೊಂದು ವಸ್ತು ಈ ಕೆಲಸದಲ್ಲಿ ಇಲ್ಲ.

ಯಾಕೆ ಅಂದರೆ, ಉಬ್ಬುಶಿಲ್ಪ ಹೆಚ್ಚುಕಡಿಮೆ ಒಂದು ಹಲಗೆ ಇದ್ದ ಹಾಗೆ. ಅದರ ಆಳ ಎರಡು ಮೂರು ಸೆಂಟಿಮೀಟರ್. ಅದಕ್ಕೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದರೆ ಜಾಸ್ತಿ ಫೋಕಸ್ ಆಳ ಬೇಕಾಗಿಲ್ಲ. 35 ಮಿ.ಮೀ. ಲೆನ್ಸ್‌ನಲ್ಲಿ ಒಂದು ಮೀಟರ್ ದೂರದಿಂದ ಎಫ್ 2ರಲ್ಲಿ ಸುಮಾರು 6 ಸೆಂ.ಮೀ. ಆಳ ಸ್ಪಷ್ಟವಾಗಿರುತ್ತದೆ, ಎಫ್ 4ರಲ್ಲಿ ಸುಮಾರು 13. ಅಂದರೆ ಲಿಂಟಲ್ ಮುಂದೆ ಲೆನ್ಸ್ ಅನ್ನು ಧೈರ್ಯವಾಗಿ ತೆರೆದಿಡಬಹುದು, ಐಎಸ್‌ಒ ಕೆಳಗೇ ಉಳಿಯುತ್ತದೆ, ಕಲ್ಲಿನ ಮೈ ಕಲ್ಲಿನ ಹಾಗೇ ಬರುತ್ತದೆ. ನಾನು ಸಾಮಾನ್ಯವಾಗಿ ಎಫ್ 2.8ರಲ್ಲಿ ಶುರು ಮಾಡುತ್ತೇನೆ, ಅಂಚುಗಳೂ ಗಟ್ಟಿಯಾಗಿ ಬರುತ್ತವೆ.

ಇನ್ನೊಂದು ಲಾಭ ಮಾತಿನಲ್ಲಿ ಹೇಳೋದು ಕಷ್ಟ. ಜೂಮ್ ಇಲ್ಲದಿದ್ದರೆ ಕಾಲು ಕೆಲಸ ಮಾಡುತ್ತದೆ. ಮ್ಯೂಸಿಯಂನಲ್ಲಿ ದೀಪ ನಮ್ಮ ಕೈಯಲ್ಲಿಲ್ಲ, ನಿಲ್ಲುವ ಜಾಗ ಮಾತ್ರ ನಮ್ಮದು. ನೆರಳು ಜಾಗ ಬಿಟ್ಟು ಕದಲುವುದಿಲ್ಲ, ನಿಜ. ಆದರೆ ದೀಪ ಯಾವ ಕಡೆಯಿಂದ ಬರುತ್ತಿದೆ ನೋಡಿ, ಅದರ ಎದುರು ಬದಿಗೆ ಎರಡು ಹೆಜ್ಜೆ ಸರಿದರೆ ಉಬ್ಬಿನ ನೆರಳಿರುವ ಮಗ್ಗುಲು ಕಣ್ಣಿಗೆ ಜಾಸ್ತಿ ಬೀಳುತ್ತದೆ. ದೀಪದ ಕಡೆಯಿಂದಲೇ ನೋಡಿದರೆ ಎಲ್ಲ ಚಪ್ಪಟೆ. ಅದೇ 24ನೇ ಲಿಂಟಲ್ ಮುಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನಕ್ಕೆ ನಡೆಯುತ್ತಾ ಬಂದಾಗ, ಒಂದು ಜಾಗದಲ್ಲಿ ಹಗ್ಗದ ಮುಳ್ಳುಗಳು ಒಂದೊಂದಾಗಿ ಎದ್ದು ನಿಂತವು. ಅಲ್ಲೇ ನಿಂತು ತೆಗೆದೆ. ಫೋಟೋ ಸ್ವಲ್ಪ ಓರೆಯಾಗಿದೆ, ಪರವಾಗಿಲ್ಲ. ನೇರವಾಗಿ ಒಂದು, ಓರೆಯಾಗಿ ಒಂದು, ಎರಡೂ ಇಟ್ಟುಕೊಳ್ಳಿ.

ಇದರ ಕೊರತೆಯನ್ನೂ ಹೇಳಬೇಕು. ಎತ್ತರದ ನಿಲುಗಲ್ಲು ಇಕ್ಕಟ್ಟಿನ ಜಾಗದಲ್ಲಿ ನಿಂತಿದ್ದರೆ ಇಡಿಯಾಗಿ ಚೌಕಟ್ಟಿಗೆ ಬರುವುದಿಲ್ಲ. ಮೇಲಿಂದ ಕೆಳಗೆ ಮೂರು ನಾಲ್ಕು ಫೋಟೋ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು, ಒಂದರ ಮೇಲೆ ಇನ್ನೊಂದು ಮೂರನೇ ಒಂದು ಭಾಗ ಕೂರುವಂತೆ. ಅದು ಬೇಡ ಅನ್ನುವವರು ಇಡೀ ಕಲ್ಲಿನ ಫೋಟೋವನ್ನು ಫೋನಿನಲ್ಲೇ ತೆಗೆಯಿರಿ, ವಿವರಗಳಿಗೆ ಮಾತ್ರ ಕ್ಯಾಮೆರಾ. ನಾನು ಹಾಗೇ ಮಾಡುವುದು. ಇನ್ನು ತೀರಾ ಸಣ್ಣ ವಸ್ತುವಿಗೆ ಈ ಲೆನ್ಸ್ ಹತ್ತಿರ ಹೋಗುವುದಿಲ್ಲ. ಕಿವಿಯೋಲೆ, ಮಣಿ, ಚಿಪ್ಪಿನ ಕೆತ್ತನೆ ಚೌಕಟ್ಟಿನ ಮಧ್ಯೆ ಸಣ್ಣದಾಗಿ ಕೂರುತ್ತದೆ.

ಮ್ಯಾಕ್ರೊ ಮತ್ತು ದೊಡ್ಡ ಜೂಮ್

ಮ್ಯಾಕ್ರೊ ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್. 90 ಅಥವಾ 100 ಮಿ.ಮೀ. ಮ್ಯಾಕ್ರೊ ಲೆನ್ಸ್‌ನ ಚಿತ್ರ ನೋಡಿದರೆ ಆಸೆ ಹುಟ್ಟುತ್ತದೆ. ಹಾಯ್ನಾ ಗೊಂಬೆಯ ಹಣೆಯ ಮೇಲಿನ ಗುರುತು, ಬಟ್ಟೆಯ ಮಡಿಕೆಯೊಳಗೆ ಉಳಿದ ಮಾಯಾ ನೀಲಿಯ ಚೂರು, ಎಲ್ಲ ಕಣ್ಣೆದುರು. ಆ ನೀಲಿ ನೀಲಿಗಿಡದ ಬಣ್ಣವನ್ನು ಒಂದು ಬಗೆಯ ಬಿಳಿ ಜೇಡಿಮಣ್ಣಿನ ಜೊತೆ ಕಾಯಿಸಿ ಮಾಡಿದ್ದು, ಸಾವಿರ ವರ್ಷ ಕಳೆದರೂ ಮಾಸಿಲ್ಲ. ಅದನ್ನು ಹತ್ತಿರದಿಂದ ಹಿಡಿಯಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ.

ಆದರೆ ಲೆಕ್ಕ ನೋಡಿ. ಫುಲ್ ಫ್ರೇಮ್‌ನಲ್ಲಿ 100 ಮಿ.ಮೀ. ಲೆನ್ಸ್, 60 ಸೆಂ.ಮೀ. ದೂರ, ಎಫ್ 4. ಸ್ಪಷ್ಟವಾಗಿರುವ ಆಳ ಒಂದು ಸೆಂಟಿಮೀಟರಿಗೂ ಕಡಿಮೆ. ಇಡೀ ಮುಖ ಸ್ಪಷ್ಟ ಬೇಕು ಅಂದರೆ ಎಫ್ 11ಕ್ಕೆ ಹೋಗಬೇಕು, ಆಗ ಬೆಳಕು ಸಾಲದು, ಟ್ರೈಪಾಡ್ ಇಲ್ಲ. ಕೈಯ ಸಣ್ಣ ನಡುಕವೂ ಆ ದೂರದಲ್ಲಿ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾದೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇರುವವರಿಗೆ, ಮ್ಯಾಕ್ರೊ ಕೈಗೆ ಒಗ್ಗಿದವರಿಗೆ ಮಾತ್ರ ಇದು ಸರಿ. ಹೊಸದಾಗಿ ನಲವತ್ತು ಸಾವಿರದಿಂದ ಲಕ್ಷದವರೆಗೂ ಆಗುತ್ತದೆ. ಒಂದು ಪ್ರವಾಸಕ್ಕೆ ಅಷ್ಟು ಖರ್ಚು ಬೇಡ, ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ, ಅಲ್ಲಿಂದ ಒಯ್ಯಬಹುದು. ಬಾಡಿಗೆಗೆ ತಂದ ದಿನವೇ ಮನೆಯಲ್ಲಿ ಚಿತ್ರದ ನಾಲ್ಕೂ ಮೂಲೆ ಸ್ಪಷ್ಟವಾಗಿವೆಯಾ ಅಂತ ಪರೀಕ್ಷೆ ಮಾಡಿ ಹೊರಡಿ. ನನಗೆ ಒಮ್ಮೆ ಒಂದು ಕಡೆ ಫೋಕಸ್ ಸರಿಯಾಗಿ ಕೂರದ ಲೆನ್ಸ್ ಸಿಕ್ಕಿತ್ತು, ಗೊತ್ತಾಗಿದ್ದು ವಿದೇಶದಲ್ಲಿ ಇಳಿದ ಮೇಲೆ.

24-70 ಎಫ್ 2.8 ದೊಡ್ಡ ಜೂಮ್ ಎಲ್ಲಕ್ಕೂ ಆಗುತ್ತದೆ, ತೂಕ ಮತ್ತು ಬೆಲೆ ಎರಡೂ ಜಾಸ್ತಿ. ಈಗಾಗಲೇ ಇದ್ದರೆ ಒಯ್ಯಿರಿ. ಇದಕ್ಕಾಗಿಯೇ ಕೊಳ್ಳಬೇಡಿ.

ಟ್ರೈಪಾಡ್, ಮೊನೊಪಾಡ್

ಮೆಕ್ಸಿಕೊದ ಸರ್ಕಾರಿ ಮ್ಯೂಸಿಯಂಗಳಲ್ಲಿ ಟ್ರೈಪಾಡ್ ಮತ್ತು ವೃತ್ತಿಪರ ಚಿತ್ರೀಕರಣಕ್ಕೆ ಪರವಾನಗಿ ತೆಗೆದುಕೊಳ್ಳಬೇಕು, ಅದು ಐಎನ್‌ಎಎಚ್ ಅನ್ನುವ ರಾಷ್ಟ್ರೀಯ ಸಂಸ್ಥೆಯ ಕೆಲಸ. ಸಂಶೋಧನೆಗೋ ಪುಸ್ತಕಕ್ಕೋ ಆದರೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ. ಪ್ರವಾಸಿಗಳಿಗೆ ಅದರ ಗೊಡವೆ ಬೇಡ. ಒಂಟಿ ಕಾಲಿನ ಮೊನೊಪಾಡ್ ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಬಾಗಿಲಲ್ಲೇ ಇಡಿಸುತ್ತಾರೆ, ಅದನ್ನು ನಂಬಿ ಯೋಜನೆ ಹಾಕಬೇಡಿ. ಕಂಬಕ್ಕೆ ಭುಜ ಒರಗಿಸಿ, ಕ್ಯಾಮೆರಾ ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು ಹಿಡಿದು, ಉಸಿರು ಬಿಡುತ್ತಾ ಒತ್ತಿ. ಸೆಲ್ಫ್ ಟೈಮರ್ ಎರಡು ಸೆಕೆಂಡಿಗೆ ಇಟ್ಟರೆ ಬೆರಳಿನ ಅಲುಗಾಟವೂ ಇಲ್ಲ.

ಗಾಜಿನ ಮುಂದೆ: ಪೋಲರೈಸರ್ರಾ, ರಬ್ಬರ್ ಹುಡ್ಡಾ

ಇದರಲ್ಲಿ ತುಂಬಾ ಜನ ತಪ್ಪು ವಸ್ತು ಕೊಳ್ಳುತ್ತಾರೆ. ಪೋಲರೈಸರ್ ಫಿಲ್ಟರ್ ಗಾಜಿನ ಪ್ರತಿಬಿಂಬ ಕಳೆಯುತ್ತದೆ ಅನ್ನುವುದು ನಿಜ, ಆದರೆ ಗಾಜನ್ನು ಓರೆಯಾಗಿ ನೋಡಿದಾಗ ಮಾತ್ರ, ನೇರ ಎದುರಿನಿಂದ ಸುಮಾರು 55 ಡಿಗ್ರಿ ಸರಿದಾಗ ಅದರ ಕೆಲಸ ಚೆನ್ನಾಗಿ ಕಾಣುತ್ತದೆ. ನೇರವಾಗಿ ನಿಂತರೆ ಏನೂ ಪ್ರಯೋಜನ ಇಲ್ಲ. ಸಾಲದ್ದಕ್ಕೆ ಲೆನ್ಸಿಗೆ ಸಿಗುವ ಬೆಳಕು ಮೂರನೇ ಒಂದಕ್ಕೋ ನಾಲ್ಕನೇ ಒಂದಕ್ಕೋ ಇಳಿಯುತ್ತದೆ. ಮೊದಲೇ ಮಂದ ಇರುವ ಕೋಣೆಯಲ್ಲಿ ಅದು ದೊಡ್ಡ ಬೆಲೆ.

ಲೆನ್ಸಿನ ಮುಂದೆ ಹಾಕುವ ಮೆತ್ತನೆಯ ರಬ್ಬರ್ ಹುಡ್ ಕೆಲವೇ ನೂರು ರೂಪಾಯಿ. ಗಾಜಿಗೆ ತಾಗಿಸಿ ಹಿಡಿದರೆ ಪಕ್ಕದ ಬೆಳಕೆಲ್ಲ ಬಂದ್, ಜೊತೆಗೆ ಗಾಜೇ ಕೈಗೆ ಆಸರೆ. ಗಾಜು ಮುಟ್ಟಬಾರದು ಅಂತ ಫಲಕ ಇದ್ದರೆ ಒಂದಿಂಚು ದೂರ ಇಡಿ. ಫೋನಿಗಾದರೆ ಕಪ್ಪು ಕರವಸ್ತ್ರ ಅಥವಾ ಕಪ್ಪು ಜಾಕೆಟ್ ಪಕ್ಕಕ್ಕೆ ಹಿಡಿಯಿರಿ. ಬಿಳಿ ಶರ್ಟು ಹಾಕಿಕೊಂಡು ಹೋದರೆ ಎಲ್ಲ ಫೋಟೋದಲ್ಲೂ ನೀವೇ ಇರುತ್ತೀರಿ.

ಜೇಡ್ ಮಾತ್ರ ಬೇರೆ. ಮೆಕ್ಸಿಕೊದ ಮಾಯಾ ಊರು ಪಲೆಂಕೆಯ ದೊರೆ ಪಕಾಲ್ 683ರಲ್ಲಿ ತೀರಿಕೊಂಡ. ಅವನ ಸಮಾಧಿಯನ್ನು 1952ರಲ್ಲಿ ಪುರಾತತ್ವಜ್ಞ ಆಲ್ಬೆರ್ತೊ ರೂಸ್ ತೆರೆದಾಗ ಸಿಕ್ಕ ಜೇಡ್ ಮುಖವಾಡ ಮೆಕ್ಸಿಕೊ ಸಿಟಿಯಲ್ಲಿದೆ. 1985ರ ಕ್ರಿಸ್‌ಮಸ್ ಹೊತ್ತಿನ ಕಳ್ಳತನದಲ್ಲಿ ಹೋಗಿ 1989ರಲ್ಲಿ ಮರಳಿ ಸಿಕ್ಕಿದ್ದು ಅದೇ. ಚೂರು ಚೂರು ಜೇಡ್ ಜೋಡಿಸಿದ ಆ ಮುಖದ ಮೇಲಿನ ಸಣ್ಣ ಹೊಳಪೇ ಅದರ ಜೀವ. ಪೋಲರೈಸರ್ ಹಾಕಿ ಆ ಹೊಳಪನ್ನು ಒರೆಸಿಬಿಟ್ಟರೆ ಹಸಿರು ಪ್ಲಾಸ್ಟಿಕ್ ಥರ ಕಾಣುತ್ತದೆ. ಕಣ್ಣು ಚಿಪ್ಪು ಮತ್ತು ಕಪ್ಪು ಅಬ್ಸಿಡಿಯನ್ ಗಾಜುಗಲ್ಲಿನದು, ಅಲ್ಲೊಂದು ಬೆಳಕಿನ ಚುಕ್ಕಿ ಕೂರುವ ಜಾಗ ಹುಡುಕಿ ತೆಗೆಯಿರಿ.

ಇಲ್ಲೇ ಇನ್ನೊಂದು ವಿಷಯ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್, ಅಮೆರಿಕದಲ್ಲಿ 60. ಇಲ್ಲಿ ಹೊಂದಿಸಿದ ಕ್ಯಾಮೆರಾದಲ್ಲಿ ಅಲ್ಲಿನ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಫೋಟೋಗೆ ಅಡ್ಡ ಪಟ್ಟೆ ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ 60ಕ್ಕೆ ಬದಲಿಸಿ, ಶಟರ್ ಅರವತ್ತನೇ ಒಂದು ಅಥವಾ ಮೂವತ್ತನೇ ಒಂದು ಇಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಪಟ್ಟೆ ಜಾಸ್ತಿ. ಬ್ರಿಟನ್‌ನಲ್ಲಿ ನಮ್ಮ ಹಾಗೇ 50. ಆದರೆ ಲಂಡನ್‌ನ ಆ ಕೋಣೆಯ ಗೋಡೆ ಕೆಂಪು, ಬಣ್ಣವನ್ನು ತಾನೇ ಸರಿಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ನೋಡಿ ಕಲ್ಲನ್ನು ನೀಲಿ ಕಡೆಗೆ ಎಳೆಯುತ್ತದೆ. ಬೂದು ಕಾರ್ಡ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದರೆ ಆಮೇಲೆ ಬಣ್ಣ ಸರಿಮಾಡೋದು ಸುಲಭ.

ತೆಗೆಯದೇ ಇರುವುದೂ ಒಂದು ಆಯ್ಕೆ

ಚಿತ್ರ ಬರೆದ ಹೂಜಿಗಳ ಮುಂದೆ ನಾನು ಕ್ಯಾಮೆರಾ ಕೆಳಗಿಡುತ್ತೇನೆ. ಚಿತ್ರ ಸುತ್ತಲೂ ಓಡುತ್ತದೆ, ಗಾಜಿನ ಹೊರಗಿಂದ ನಮಗೆ ಸಿಗುವುದು ಒಂದು ಮಗ್ಗುಲು. ಅಮೆರಿಕದ ಫೋಟೋಗ್ರಾಫರ್ ಜಸ್ಟಿನ್ ಕೆರ್ 1970ರ ದಶಕದಲ್ಲಿ ಹೂಜಿಯನ್ನು ತಿರುಗಿಸುತ್ತಾ ಇಡೀ ಸುತ್ತನ್ನು ಚಾಪೆ ಬಿಚ್ಚಿದ ಹಾಗೆ ಒಂದೇ ಚಿತ್ರದಲ್ಲಿ ತೆಗೆಯುವ ಕ್ಯಾಮೆರಾ ಕಟ್ಟಿದರು. ಆ ಚಿತ್ರಗಳನ್ನು ಇಂದು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು, ಸಂಗ್ರಹ ವಾಷಿಂಗ್ಟನ್‌ನ ಡಂಬರ್ಟನ್ ಓಕ್ಸ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿದೆ. ನ್ಯೂಯಾರ್ಕ್‌ನ ಮೆಟ್ ಮ್ಯೂಸಿಯಂ 2017ರಿಂದ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಿಂದ ತಮ್ಮಲ್ಲಿರುವ ಸಾವಿರಾರು ವಸ್ತುಗಳ ಒಳ್ಳೆಯ ಫೋಟೋಗಳನ್ನು ಉಚಿತವಾಗಿ ಬಳಸಲು ಬಿಟ್ಟಿವೆ. ಪಾಠಕ್ಕೋ ಲೇಖನಕ್ಕೋ ಚಿತ್ರ ಬೇಕಾದವರು ಮೊದಲು ಅಲ್ಲಿ ಹುಡುಕಿ. ಕಾಲು ನೋಯಿಸಿಕೊಂಡು ತೆಗೆದ ಮಬ್ಬು ಫೋಟೋಗಿಂತ ಅದು ಎಷ್ಟೋ ಮೇಲು, ಉಳಿದ ಸಮಯದಲ್ಲಿ ಹೂಜಿಯನ್ನು ಕಣ್ಣಿನಿಂದ ನೋಡಬಹುದು.

ಹಾಗಾದರೆ ಯಾರಿಗೆ ಯಾವುದು

ಎಲ್ಲಿಗೆ ಹೋಗುತ್ತೀರಿ ಅನ್ನುವುದೂ ಉತ್ತರ ಬದಲಿಸುತ್ತದೆ. ಹೊಂಡುರಾಸ್‌ನ ಕೊಪಾನ್ ಶಿಲ್ಪ ಮ್ಯೂಸಿಯಂ 1996ರಲ್ಲಿ ತೆರೆದದ್ದು, ಮಧ್ಯದಲ್ಲಿ ಚಾವಣಿ ತೆರೆದಿದೆ, ಕೆಳಗೆ ರೋಸಲೀಲಾ ದೇಗುಲದ ಪೂರ್ಣ ಗಾತ್ರದ ಕೆಂಪು ಪ್ರತಿಕೃತಿ. ಹಗಲು ಬೆಳಕೇ ಬೀಳುವುದರಿಂದ ಅಲ್ಲಿ ಫೋನೂ ಸಾಕು, ಸಾಮಾನ್ಯ ಜೂಮೂ ಸಾಕು. ಆದರೆ ಅಗಲ ನೋಟದ ಲೆನ್ಸ್ ಇರಬೇಕು. ಬೆಳಗ್ಗೆ, ಸಂಜೆ ಹೋದರೆ ಬೆಳಕು ಓರೆಯಾಗಿ ಬರುತ್ತದೆ. ಕೊಪಾನ್‌ನ ಕಲ್ಲು ಜ್ವಾಲಾಮುಖಿಯ ಬೂದಿಗಲ್ಲು, ಕೆತ್ತನೆ ಆಳ, ಹಾಗಾಗಿ ಫೋನಿನ ಎಚ್‌ಡಿಆರ್ ಕೂಡ ಅದನ್ನು ಪೂರ್ತಿ ಕೆಡಿಸಲಾರದು. ಗ್ವಾಟೆಮಾಲ ಸಿಟಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಪಿಯೆದ್ರಾಸ್ ನೆಗ್ರಾಸ್ ಅನ್ನುವ ಮಾಯಾ ಊರಿನ ಕಲ್ಲಿನ ಸಿಂಹಾಸನ ಇದೆ, ಅದರ ಒರಗಿನಲ್ಲಿ ಕೊರೆದ ಕಿಂಡಿಗಳಿವೆ. ಅಲ್ಲಿ ಹಿಂದೆ ನಿಂತ ಜನ ಕಿಂಡಿಯೊಳಗೆ ಕಾಣುತ್ತಾರೆ, ಕಾಯುವ ತಾಳ್ಮೆ ಬೇಕು, ಲೆನ್ಸ್ ಯಾವುದಾದರೂ ಸರಿ.

ಖರ್ಚು ಮಾಡುವುದಿಲ್ಲ, ನೆನಪಿಗೆ ಸಾಕು ಅಂದರೆ ಫೋನ್, ಪ್ರೊ ಮೋಡ್, ಕಪ್ಪು ಬಟ್ಟೆ. ಇಷ್ಟೇ. ಕ್ಯಾಮೆರಾ ಈಗಾಗಲೇ ಇದೆ, ಹದಿನೈದು ಸಾವಿರ ಹಾಕಬಲ್ಲೆ ಅಂದರೆ ಎಫ್ 1.8 ಲೆನ್ಸ್ ಮತ್ತು ರಬ್ಬರ್ ಹುಡ್ ಕೊಳ್ಳಿ, ಪೋಲರೈಸರ್ ಬಿಡಿ. ಗೊಂಬೆ, ಆಭರಣಗಳೇ ನಿಮ್ಮ ಆಸಕ್ತಿ, ಕೈಯೂ ಪಳಗಿದೆ ಅಂದರೆ ಮ್ಯಾಕ್ರೊ ಬಾಡಿಗೆಗೆ ತನ್ನಿ, ಜೊತೆಗೆ ಫೋನನ್ನೂ ಅದೇ ಗೊಂಬೆಗೆ ಹಿಡಿದು ನೋಡಿ. ವಯಸ್ಸಾದ ಅಪ್ಪ ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುತ್ತಿದ್ದೀರಿ ಅಂದರೆ ಒಂದು ವಸ್ತುವಿನ ಮುಂದೆ ಹತ್ತು ನಿಮಿಷ ನಿಲ್ಲೋಕೆ ಆಗುವುದಿಲ್ಲ, ಆಗ ಸುಮ್ನೆ ಫೋನ್ ಒಯ್ಯಿರಿ.

ಅಕ್ಷರ ಕಲಿಯಬೇಕು ಅಂತ ಹೋಗುವವರಿಗೆ ಮಾತ್ರ ಒಂದು ಮಾತು ಜಾಸ್ತಿ. ಮಾಯಾ ಬರಹವನ್ನು ಎರಡೆರಡು ಕಂಬಸಾಲುಗಳಾಗಿ ಓದುತ್ತಾರೆ: ಎಡದ ಅಕ್ಷರ, ಅದರ ಬಲದ್ದು, ಆಮೇಲೆ ಕೆಳಗಿನ ಸಾಲು. ಆದ್ದರಿಂದ ಫೋಟೋವನ್ನೂ ಎರಡೆರಡು ಸಾಲು ಸೇರಿಸಿ ಮೇಲಿಂದ ಕೆಳಗೆ ತೆಗೆಯಿರಿ, ಒಂದೊಂದೇ ಅಕ್ಷರ ಕತ್ತರಿಸಿ ತೆಗೆದರೆ ಮನೆಗೆ ಬಂದ ಮೇಲೆ ಯಾವುದರ ಪಕ್ಕ ಯಾವುದು ಗೊತ್ತಾಗದು. ಪ್ರತಿ ವಸ್ತುವಿಗೂ ಮೊದಲು ಅದರ ಫಲಕದ ಫೋಟೋ, ಆಮೇಲೆ ವಸ್ತು. ಸಾಮಾನ್ಯವಾಗಿ ಅಕ್ಷರದೊಳಗಿನ ಮುಖಗಳು ಎಡಕ್ಕೆ ನೋಡುತ್ತವೆ. ಲಂಡನ್‌ನ 25ನೇ ಲಿಂಟಲ್‌ನಲ್ಲಿ ಮಾತ್ರ ಬರಹದ ಒಂದು ಭಾಗವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಿದ್ದಾರೆ, ಅಲ್ಲಿ ಮುಖಗಳು ಬಲಕ್ಕೆ ನೋಡುತ್ತವೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡುವಾಗ ಚಿತ್ರ ಅದಲುಬದಲಾಗಿದೆ ಅಂದುಕೊಂಡು ತಿರುಗಿಸಿಬಿಡಬೇಡಿ, ಅದು ಇರುವುದೇ ಹಾಗೆ.